ಗೋಡೆಯಂಚಿನ ಮೂರೆಲೆ

ಮರದ ಸಾಮಾನಿನ ಆ ಕಾರ್ಖಾನೆಯಲ್ಲಿ ಮೇಜಾಗಲಿ, ಬಾಗಿಲಾಗಲಿ, ಏನೇ ತಯಾರಾದರೂ ಕೊನೆಗೆ ಹಿಂದಿನ ಶೆಡ್ಡಿಗೆ ಬಂದು ಪಾಲಿಶಕ್ಕನ ಕೈ ದಾಟಿಯೇ ಹೊರಗೆ ಹೋಗಬೇಕು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಲ್ಲಿ ಮರದ ಹೊಟ್ಟು ಗುಡಿಸಲು ಸೇರಿದವಳು ಅವಳು. ಪಾಲಿಶ್ ಹಾಕುವ ಮುದಿ ಮೇಸ್ತ್ರಿಯ ಪಕ್ಕ ಕೂತು, ಅವನು ಬಟ್ಟೆಯುಂಡೆಯನ್ನು ಅರಗಿನ ದ್ರಾವಣದಲ್ಲಿ ಅದ್ದಿ ಹಲಗೆಯ ಮೇಲೆ ಸುತ್ತಿ ಸುತ್ತಿ ಆಡಿಸುವುದನ್ನು ನೋಡುತ್ತ ನೋಡುತ್ತ ಕಸುಬು ಕಲಿತಳು. ಈಗ ಐವತ್ತೆರಡು. ಉಗುರಿನ ಸುತ್ತ ಕಂದು ಬಣ್ಣ ಕೂತುಬಿಟ್ಟಿದೆ, ಯಾವ ಸೋಪಿಗೂ ಜಗ್ಗುವುದಿಲ್ಲ. ಯಾರ ಮನೆಗೆ ಹೋದರೂ ಕೂರುವ ಮೊದಲು ಕುರ್ಚಿಯ ತೋಳಿನ ಮೇಲೆ ಅಂಗೈ ಆಡಿಸುತ್ತಾಳೆ. ನಮ್ಮತ್ತಿಗೆ ಮನೆಯವರಿಗಿಂತ ಮೊದಲು ಕುರ್ಚಿಯನ್ನು ಮಾತಾಡಿಸುತ್ತಾರೆ ಎಂದು ಅವಳ ನಾದಿನಿ ನಗುವುದುಂಟು.

ಈ ನಾದಿನಿ ಪಾಲಿಶಕ್ಕನಿಗಿಂತ ಎಂಟು ವರ್ಷ ಚಿಕ್ಕವಳು. ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಕೌಂಟರಿನ ಕೆಲಸ. ಮದುವೆಯಾಗಿರಲಿಲ್ಲ. ಪಾಲಿಶಕ್ಕ ಅದೇ ಕಾರ್ಖಾನೆಯ ಬಡಗಿಯನ್ನು ಮದುವೆಯಾಗಿ ಆ ಮನೆಗೆ ಬಂದಾಗಿನಿಂದಲೂ ಇಬ್ಬರದೂ ಒಂದೇ ಅಡಿಗೆಮನೆ. ಆರು ವರ್ಷದ ಹಿಂದೆ ಬಡಗಿ ಒಂದು ಮಧ್ಯಾಹ್ನ ಕೆಲಸದ ಮೇಜಿಗೊರಗಿ ಕೂತವನು ಮತ್ತೆ ಏಳಲಿಲ್ಲ. ಇನ್ನು ಈ ಹೆಂಗಸರಲ್ಲಿ ಯಾರಾದರೊಬ್ಬರು ಬೇರೆ ಮನೆ ನೋಡಿಕೊಳ್ಳುತ್ತಾರೆ ಎಂದು ನೆಂಟರೆಲ್ಲ ಲೆಕ್ಕ ಹಾಕಿದ್ದರು. ಇಬ್ಬರೂ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಒಬ್ಬರನ್ನೊಬ್ಬರು ಬಿಟ್ಟರೆ ಗತಿಯಿಲ್ಲ ಎಂದೇನಲ್ಲ. ಬಿಟ್ಟುಹೋಗಲು ಇಬ್ಬರಿಗೂ ಒಂದು ಒಳ್ಳೆಯ ಕಾರಣ ಸಿಗಲಿಲ್ಲ, ಅಷ್ಟೆ.

ಜಗಳಕ್ಕೇನೂ ಬರವಿರಲಿಲ್ಲ. ಅದರಲ್ಲಿ ಹೆಚ್ಚಿನದು ಹಿತ್ತಿಲಿನದು. ಹನ್ನೆರಡು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲದ ಹಿತ್ತಿಲನ್ನು ನಾದಿನಿ ಅಂಚೆಚೀಟಿಯ ಆಲ್ಬಮ್ಮಿನಂತೆ ಇಟ್ಟುಕೊಂಡಿದ್ದಳು. ನಡುವೆ ಚಾಪೆಯಂತೆ ಸುತ್ತಿ ಮಾರುವ ಹುಲ್ಲನ್ನು ತಂದು ಹಾಸಿದ್ದಳು. ರಜೆಯ ದಿನ ಮೊಣಕಾಲೂರಿ ಕತ್ತರಿ ಹಿಡಿದು ಅದರ ಅಂಚು ಕತ್ತರಿಸುತ್ತಿದ್ದಳು. ಹುಲ್ಲಿಗೆ ಕ್ಷೌರ ಆಯ್ತಾ ಎಂದು ಪಾಲಿಶಕ್ಕ ಅಡಿಗೆಮನೆಯ ಕಿಟಕಿಯಿಂದ ಕೇಳಿದರೆ ಹುಬ್ಬು ಗಂಟಿಕ್ಕುತ್ತಿದ್ದಳು. ಒಂದು ಕಡೆ ಮಾತ್ರ ಅವಳೂ ಕೈಚೆಲ್ಲಿದ್ದಳು. ಕಾಂಪೌಂಡ್ ಕಟ್ಟಿಸುವಾಗ ಉಳಿದ ಇಟ್ಟಿಗೆ ಚೂರು, ಗಾರೆಯ ಹೆಂಟೆಯನ್ನೆಲ್ಲ ಬಡಗಿ ಹಿಂದಿನ ಗೋಡೆಯುದ್ದಕ್ಕೂ ಸುರಿದು ಮೇಲೆ ಮಣ್ಣು ಎಳೆದಿದ್ದ. ಮೂರು ಅಡಿ ಅಗಲದ ಆ ಪಟ್ಟಿಯಲ್ಲಿ ಬಿಸಿಲು ಕಾದು ಕುದಿಯುತ್ತಿತ್ತು, ಹಾಕಿದ ಗಿಡವೆಲ್ಲ ನೆಲಕಚ್ಚುತ್ತಿತ್ತು.

ಪಾಲಿಶಕ್ಕನಿಗೆ ಗಿಡದ ಹುಚ್ಚೇನೂ ಇರಲಿಲ್ಲ. ಅವಳ ಶೆಡ್ಡಿನ ಎದುರಿಗೆ, ರೈಲು ಹಳಿಯ ಪಕ್ಕ, ಯಾರೂ ಬಳಸದ ಒಂದು ಜಾಗವಿತ್ತು. ಮಳೆ ಶುರುವಾದ ಮೇಲೆ ಅಲ್ಲಿ ನೆಲಕ್ಕಂಟಿದಂತೆ ಒಂದು ಹಸಿರು ಹಬ್ಬುತ್ತಿತ್ತು. ಒಂದೊಂದು ತೊಟ್ಟಿಗೆ ಮೂರು ಮೂರು ಎಲೆ, ಪ್ರತಿ ಎಲೆಯ ನಡುವೆ ನಸುಬಿಳಿಯ ಗೀರು. ಚಳಿಯುದ್ದಕ್ಕೂ ಮೆಲ್ಲಗೆ ಬೆಳೆದು, ಬಿಸಿಲು ಏರುವ ಹೊತ್ತಿಗೆ ಅಂಗಿಯ ಗುಂಡಿಯಷ್ಟು ದಪ್ಪದ ನೇರಳೆಗೆಂಪು ಹೂಗಳನ್ನು ಬಿಡುತ್ತಿತ್ತು. ಇನ್ನೊಂದು ತಿಂಗಳಿಗೆ ಎಲ್ಲ ಒಣಗಿ ಹುಲ್ಲುಕಡ್ಡಿ. ಮತ್ತೆ ಮಳೆ ಬಿದ್ದರೆ ಮತ್ತೆ ಹಸಿರು. ಯಾರೂ ನೆಟ್ಟಿದ್ದಲ್ಲ, ನೀರು ಹಾಕಿದ್ದಲ್ಲ. ಮೂವತ್ತು ವರ್ಷ ಬುತ್ತಿ ಬಿಚ್ಚಿ ಊಟ ಮಾಡುವಾಗ ಅವಳ ಕಣ್ಣು ಹೋಗುತ್ತಿದ್ದುದು ಅದರ ಕಡೆಗೇ. ಹೆಸರು ಗೊತ್ತಿಲ್ಲದೆ, ತನ್ನಷ್ಟಕ್ಕೆ ಮೂರೆಲೆ ಎಂದು ಕರೆದುಕೊಂಡಿದ್ದಳು.

ಒಂದು ಬೇಸಿಗೆ ಅಲ್ಲಿ ಗೂಟ ಹೊಡೆದು ಹಗ್ಗ ಕಟ್ಟಿದರು. ಲಾರಿ ನಿಲ್ಲಿಸಲು ಜಾಗ ಮಾಡುತ್ತಾರಂತೆ, ಡಾಂಬರು ಹಾಕುತ್ತಾರಂತೆ ಎಂದು ಕಾರ್ಖಾನೆಯ ಯಜಮಾನ ಸಂತೋಷದಿಂದ ಹೇಳಿದ. ಅವನ ಮರದ ದಿಮ್ಮಿ ಇಳಿಸಲು ಅನುಕೂಲವಾಗುತ್ತಿತ್ತು. ಪಾಲಿಶಕ್ಕ ಮಾರನೆಯ ದಿನ ಊಟದ ಹೊತ್ತಿಗೆ ಮೇಜು ಗುಡಿಸುವ ಚಿಕ್ಕ ಪೊರಕೆ ಹಿಡಿದು ಹಗ್ಗದಡಿ ನುಸುಳಿ, ಒಣಗಿ ಉದುರಿದ್ದ ಹೂತಲೆಗಳನ್ನು ಮಣ್ಣಿನ ಸಮೇತ ಗುಡಿಸಿ ಒಂದು ಚಹಾಪುಡಿ ಡಬ್ಬಕ್ಕೆ ತುಂಬಿಕೊಂಡು ಬಂದಳು. ಕೆಲಸದವರು ಏನಕ್ಕಾ, ನೆಲಕ್ಕೂ ಪಾಲಿಶ್ ಹಾಕ್ತೀರಾ ಎಂದು ರೇಗಿಸಿದರು.

ಮನೆಯಲ್ಲಿ ಡಬ್ಬ ನೋಡಿ ನಾದಿನಿ, ಕಳೆ ಕಿತ್ತು ಎಸೆಯುವವರನ್ನು ನೋಡಿದ್ದೇನೆ, ಹೊತ್ತು ತರುವವರನ್ನು ಇವತ್ತೇ ನೋಡಿದ್ದು ಎಂದಳು. ತನ್ನ ಹುಲ್ಲಿನ ಹತ್ತಿರ ಮಾತ್ರ ತರಬಾರದು, ಆ ಹಾಳು ಪಟ್ಟಿಯಲ್ಲಿ ಏನು ಬೇಕಾದರೂ ಮಾಡಿಕೊಳ್ಳಬಹುದು ಎಂದು ಅಪ್ಪಣೆಯಾಯಿತು. ನಡುವೆ ಗಡಿಗೆ ಒಂದು ದಾರವೂ ಕಟ್ಟಿದಳು.

ಮಳೆ ಶುರುವಾದಾಗ ಪಾಲಿಶಕ್ಕ ಡಬ್ಬದಲ್ಲಿದ್ದುದರಲ್ಲಿ ಅರ್ಧ ಬಿತ್ತಿದಳು. ಇದ್ದದ್ದನ್ನೆಲ್ಲ ಒಂದೇ ಸಲಕ್ಕೆ ಸುರಿಯುವ ಅಭ್ಯಾಸ ಕಸುಬಿನಲ್ಲೂ ಅವಳಿಗಿರಲಿಲ್ಲ. ಹದಿನೈದು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದರೆ ಬಂದದ್ದು ನಾಲ್ಕು ಮೊಳಕೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕನ್ನೂ ಬಸವನಹುಳು ಸವರಿಕೊಂಡು ಹೋಗಿತ್ತು. ಅಷ್ಟು ಹೊತ್ತಿಗೆ ಹಳಿಯ ಪಕ್ಕದ ಜಾಗಕ್ಕೆ ಡಾಂಬರು ಬಿದ್ದಾಗಿತ್ತು. ಊಟಕ್ಕೆ ಕೂತರೆ ಎದುರಿಗೆ ಲಾರಿಗಳ ಚಕ್ರ. ಅವಳು ಕುರ್ಚಿಯನ್ನು ಆಚೆ ತಿರುಗಿಸಿಕೊಂಡು ಕೂರಲು ಶುರುಮಾಡಿದಳು.

ಮುಂದಿನ ಮಳೆಗಾಲ ಹತ್ತಿರವಾದಾಗ ಉಳಿದ ಹೂತಲೆಗಳನ್ನು ಕಾಗದದ ಮೇಲೆ ಸುರಿದು ತಿಕ್ಕಿ, ಊದಿ, ಬೀಜ ಬೇರೆ ಮಾಡಿದಳು. ಸಾಸಿವೆಗಿಂತ ಚಿಕ್ಕವು. ಒಂದನ್ನು ಬೆರಳ ತುದಿಗಂಟಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಬೀಜ ಮಿರಮಿರ ಹೊಳೆಯಿತು. ಅವಳಿಗೆ ನಗು ಬಂತು. ಹತ್ತು ಕೈ ಪಾಲಿಶ್ ಕುಡಿದ ಹಲಗೆಯ ಹೊಳಪು ಅದು. ಅಂಥ ಹಲಗೆಯ ಮೇಲೆ ನೀರು ಬಿದ್ದರೆ ಮುತ್ತಿನಂತೆ ಉರುಳಿ ಹೋಗುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಇಳಿಯಬೇಕಾದರೆ ಏನು ಮಾಡಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮರ ನಯಮಾಡುವ ಉಪ್ಪುಕಾಗದದಲ್ಲಿ ತೀರಾ ಸಣ್ಣದನ್ನು ಆರಿಸಿ, ಎರಡು ಹಾಳೆಯ ನಡುವೆ ಬೀಜ ಹರಡಿ, ಹಗುರಕ್ಕೆ ಏಳೆಂಟು ಸುತ್ತು ಆಡಿಸಿದಳು. ಹೊಳಪು ಮಾಸಿತು. ಸಂಜೆ ಬಟ್ಟಲು ನೀರಿಗೆ ಹಾಕಿಟ್ಟಳು. ಬೆಳಗಾಗುವಷ್ಟರಲ್ಲಿ ಬಹಳಷ್ಟು ಬೀಜ ಉಬ್ಬಿದ್ದವು, ಕೆಲವು ಮಾತ್ರ ಮೊದಲಿನಂತೆ ಕಲ್ಲಾಗಿಯೇ ಕೂತಿದ್ದವು. ಎಲ್ಲವನ್ನೂ ಪಟ್ಟಿಯಲ್ಲಿ ಚೆಲ್ಲಿ ಅಂಗೈಯಿಂದ ಒತ್ತಿದಳು. ಈ ಸಲ ಡಬ್ಬದಲ್ಲಿ ಏನೂ ಉಳಿಸಲಿಲ್ಲ.

ಏಳನೆಯ ದಿನ ಪಟ್ಟಿಯುದ್ದಕ್ಕೂ ಹಸಿರು ಚುಕ್ಕಿ. ಅದರಲ್ಲೂ ಅವಳಿಗೆ ಒಂದು ಆಶ್ಚರ್ಯ ಕಾದಿತ್ತು. ಎರಡು ಬೇಳೆ ಬಿಚ್ಚಿ ನಡುವಿನಿಂದ ಬಂದ ಮೊದಲ ಎಲೆ ಒಂದೇ ಒಂದು, ಗುಂಡಗೆ, ಪುಟ್ಟ ಚಮಚದಂತೆ. ಮೂರರ ಸುಳಿವೇ ಇಲ್ಲ. ಬೇರೆ ಯಾವುದೋ ಗಿಡವೇ ಎಂದು ಅವಳು ಒಂದು ಗಳಿಗೆ ಅನುಮಾನಿಸಿ, ಕಿತ್ತು ನೋಡಲು ಮನಸ್ಸು ಬಾರದೆ ಬಿಟ್ಟಳು.

ಅಷ್ಟರಲ್ಲಿ ಕಾರ್ಖಾನೆಗೆ ದೊಡ್ಡ ಕೆಲಸ ಬಂತು. ದೂರದ ಊರಿನ ಸಭಾಂಗಣವೊಂದರ ಬಾಗಿಲುಗಳಿಗೆ ಅಲ್ಲೇ ಹೋಗಿ ಪಾಲಿಶ್ ಹಾಕಿ ಬರಬೇಕು. ನಾಲ್ಕು ದಿನ. ಹೊರಡುವ ಮುನ್ನ ಪಾಲಿಶಕ್ಕ ಚೀಲ ಹೆಗಲಿಗೇರಿಸಿಕೊಳ್ಳುತ್ತ, ಸ್ವಲ್ಪ ನನ್ನ ಮೂರೆಲೆ ಕಡೆ ಗಮನ ಇರಲಿ ಎಂದಳು. ಅದನ್ನು ಗುರುತು ಹಿಡಿಯುವುದು ಹೇಗೆ ಎಂದು ನಾದಿನಿ ಕೇಳಿದಳು. ಹೆಸರೇ ಹೇಳುತ್ತದಲ್ಲ, ಮೂರು ಎಲೆ ಇರುತ್ತದೆ ಎಂದು ಪಾಲಿಶಕ್ಕ ಬಸ್ಸಿಗೆ ಓಡಿದಳು.

ಐದನೆಯ ದಿನ ಸಂಜೆ ವಾಪಸು ಬಂದಾಗ ನಾದಿನಿ ಬಾಗಿಲಲ್ಲೇ ನಿಂತಿದ್ದಳು. ಮುಖದಲ್ಲಿ ಸಂಭ್ರಮ ತುಳುಕುತ್ತಿತ್ತು. ಚೀಲ ಇಳಿಸಲೂ ಬಿಡದೆ ಕೈಹಿಡಿದು ಹಿತ್ತಿಲಿಗೆ ಕರೆದೊಯ್ದಳು.

"ನೋಡಿ ಅತ್ತಿಗೆ, ಎರಡು ಗಂಟೆ ಕೂತು ಶುಚಿ ಮಾಡಿದ್ದೀನಿ. ಎಂಥದೋ ಕಳೆ ಮುತ್ಕೊಂಡಿತ್ತು. ಒಂದರಲ್ಲೂ ಮೂರೆಲೆ ಇರಲಿಲ್ಲ, ಒಂದೊಂದಾಗಿ ನೋಡೇ ಕಿತ್ತಿದ್ದು. ಇನ್ನು ನಿಮ್ಮದು ಆರಾಮಾಗಿ ಬರತ್ತೆ."

ಪಟ್ಟಿ ಬೋಳಾಗಿತ್ತು. ಕೈಬೆರಳಿನಿಂದ ಗೆರೆ ಎಳೆದು ಮಣ್ಣನ್ನು ಸಮ ಮಾಡಿದ್ದು ಕಾಣುತ್ತಿತ್ತು. ಪಾಲಿಶಕ್ಕ ಬಗ್ಗಿ ಮಣ್ಣಿಗೆ ಬೆರಳಿಟ್ಟಳು.

"ಎಲ್ಲಾ ಕಿತ್ತೆಯಾ?"

"ಒಂದೂ ಬಿಟ್ಟಿಲ್ಲ."

"ಸರಿ," ಎಂದು ಪಾಲಿಶಕ್ಕ ಒಳಗೆ ಹೋಗಿ ಕಾಲು ತೊಳೆದುಕೊಂಡಳು.

ಹೇಳಿಬಿಡಬಹುದಿತ್ತು. ಆದರೆ ಎರಡು ಗಂಟೆ ಮಂಡಿಯೂರಿದ್ದವಳ ಮುಖ ನೋಡಿದರೆ ಬಾಯಿ ಬರಲಿಲ್ಲ. ಮೂರೆಲೆ ಎಂದು ಗುರುತು ಹೇಳಿದವಳೂ ತಾನೇ. ಹೋಗಲಿ ಎಂದು ಹೊಟ್ಟೆಗೆ ಹಾಕಿಕೊಳ್ಳೋಣವೆಂದರೆ ಅದೂ ಆಗಲಿಲ್ಲ. ಹೀಗೆ ಬೈಯಲೂ ಆಗದೆ ಬಿಡಲೂ ಆಗದೆ ಅವಳ ಮಾತು ನಿಂತುಹೋಯಿತು. ಊಟ ಆಯ್ತಾ ಎಂದರೆ ಹ್ಞೂಂ, ಮೈ ಹುಷಾರಿಲ್ಲವಾ ಎಂದರೆ ಉಹ್ಞೂಂ. ಪ್ರಯಾಣದ ಆಯಾಸ ಎಂದು ನಾದಿನಿ ಮೊದಮೊದಲು ಅಂದುಕೊಂಡಳು. ಆಮೇಲೆ ಅವಳಿಗೂ ಸಿಟ್ಟು ಬಂತು. ಕೆಲಸ ಮಾಡಿಕೊಟ್ಟದ್ದಕ್ಕೆ ಒಂದು ಒಳ್ಳೆಯ ಮಾತಿಲ್ಲ. ಹನ್ನೊಂದು ದಿನ ಆ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು.

ಹನ್ನೆರಡನೆಯ ಬೆಳಿಗ್ಗೆ ನಾದಿನಿ ಕಸ ಚೆಲ್ಲಲು ಹಿತ್ತಿಲಿಗೆ ಹೋದಳು. ಮೂಲೆಯಲ್ಲಿ ತಳ ತೂತಾದ ಬಕೆಟ್ ಒಂದಿತ್ತು, ಕಿತ್ತ ಕಳೆಯನ್ನು ಅವಳು ಮಣ್ಣಿನ ಸಮೇತ ಅದಕ್ಕೇ ತುಂಬಿದ್ದಳು. ಮೇಲಿನದೆಲ್ಲ ಬಾಡಿ ಕರಗಿತ್ತು. ಅಂಚಿನಲ್ಲಿ ಮೂರು ಮಾತ್ರ, ಹೇಗೋ ಬೇರೂರಿ, ನೆಟ್ಟಗೆ ನಿಂತಿದ್ದವು. ಗುಂಡನೆಯ ಒಂಟಿ ಎಲೆಯ ಮೇಲೆ ಈಗ ಎರಡನೆಯ ಎಲೆ ಬಿಚ್ಚಿತ್ತು. ಅದರಲ್ಲಿ ಮೂರು ಪಾಲು. ಅವಳು ಬಗ್ಗಿ ನೋಡಿದಳು. ಪಕ್ಕದ್ದನ್ನೂ ನೋಡಿದಳು. ಅದರಲ್ಲೂ ಮೂರು. ಎಷ್ಟು ಹೊತ್ತು ಹಾಗೇ ನಿಂತಳೋ, ಅವಳ ಬಸ್ಸು ತಪ್ಪಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅಂದು ಕೌಂಟರಿನಲ್ಲಿ ಮೂರು ಪಾರ್ಸೆಲ್‌ಗಳಿಗೆ ನಿನ್ನೆಯ ತಾರೀಖಿನ ಮುದ್ರೆ ಬಿತ್ತು.

ಆ ಕೌಂಟರಿಗೆ ವಾರಕ್ಕೊಮ್ಮೆ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಬರುತ್ತಿದ್ದರು. ಒಣಗಿಸಿದ ಗಿಡಗಳನ್ನು ಕಾಗದದ ನಡುವಿಟ್ಟು ಎಲ್ಲೆಲ್ಲಿಗೋ ಕಳಿಸುವವರು, ಮಡಚಬೇಡಿ ಎಂದು ಪ್ರತಿ ಸಲ ಎರಡೆರಡು ಬಾರಿ ಹೇಳುವವರು. ಅದೃಷ್ಟಕ್ಕೆ ಮಾರನೆಯ ದಿನವೇ ಬಂದರು. ನಾದಿನಿ ರಸೀದಿ ಕೊಡುವುದನ್ನೂ ಮರೆತು ಎಲ್ಲ ಹೇಳಿಕೊಂಡಳು. ಅವರು ಎಲೆಯ ನಡುವಿನ ಗೀರು, ಹೂವಿನ ಬಣ್ಣ, ಬೀಜದ ಹೊಳಪು ಎಲ್ಲ ಕೇಳಿ, ಕ್ಲೋವರ್ ಎನ್ನುವ ಮೂರೆಲೆ ಮೇವಿನ ಗಿಡಗಳ ಜಾತಿಯದೇ ಇರಬೇಕು, ಹೂ ಬಂದಾಗ ನೋಡಿ ಹೇಳುತ್ತೇನೆ ಎಂದರು. ಒಂದು ವರ್ಷದ ಆಯುಸ್ಸಿನ ಗಿಡ ಅದು, ಬೀಜವೇ ಅದಕ್ಕೆ ಸರ್ವಸ್ವ. ಅದಕ್ಕೇ ಎಲ್ಲ ಬೀಜವನ್ನೂ ಒಟ್ಟಿಗೆ ಮೊಳೆಸುವುದಿಲ್ಲ, ಕೆಲವು ಸಿಪ್ಪೆ ಗಟ್ಟಿಮಾಡಿಕೊಂಡು ಮಣ್ಣಲ್ಲೇ ತಡೆದು ಕೂತಿರುತ್ತವೆ ಎಂದರು. ಪಟ್ಟಿಯನ್ನು ಅಗೆಯಬಾರದು, ಗೊಬ್ಬರ ಹಾಕಬಾರದು. ಬೇರಿನ ಗಂಟುಗಳಲ್ಲಿ ತನಗೆ ಬೇಕಾದ ಸಾರವನ್ನು ಅದೇ ಮಾಡಿಕೊಳ್ಳುತ್ತದೆ, ಅದಕ್ಕೆ ಬೇಕಾದ ಸೂಕ್ಷ್ಮಜೀವಿಗಳಿರುವ ಮೂಲದ ಮಣ್ಣೂ ಬೀಜದ ಜೊತೆ ಬಂದದ್ದು ಒಳ್ಳೆಯದಾಯಿತು. ಬಕೆಟಿನಲ್ಲಿರುವುದನ್ನು ಅಲ್ಲೇ ಬಿಟ್ಟು ಬಕೆಟನ್ನೇ ಬಿಸಿಲಿಗಿಡಿ. ಕೊನೆಗೆ ಅವರು ಕೇಳಿದ್ದು, ಹತ್ತಿರದಲ್ಲಿ ಹಾಸುಹುಲ್ಲೇನಾದರೂ ಇದೆಯಾ ಎಂದು. ಇದ್ದರೆ ಅದು ನುಗ್ಗಿ ಉಸಿರುಕಟ್ಟಿಸುತ್ತದೆ ಎಂದರು.

ಅಂದು ಸಂಜೆ ಪಾಲಿಶಕ್ಕ ಕೆಲಸದಿಂದ ಬಂದಾಗ ಮನೆಯಲ್ಲಿ ಯಾರೂ ಕಾಣಲಿಲ್ಲ. ಹಿತ್ತಿಲಿಗೆ ಹೋದರೆ ನಾದಿನಿ ಮೊಣಕೈವರೆಗೆ ಮಣ್ಣಾಗಿ ಕೂತಿದ್ದಳು. ಗಡಿಯ ದಾರ ಇರಲಿಲ್ಲ. ಗೋಡೆಯ ಕಡೆಯಿಂದ ಎರಡು ಅಡಿಯಷ್ಟು ಹುಲ್ಲಿನ ಹಾಸನ್ನು ಅವಳೇ ಕತ್ತರಿಸಿ, ಸುರುಳಿ ಸುತ್ತಿ ಪಕ್ಕಕ್ಕಿಟ್ಟಿದ್ದಳು. ಬಿಸಿಲು ಬೀಳುವ ಕಡೆ ಆ ತೂತು ಬಕೆಟ್ ಬಂದು ಕೂತಿತ್ತು.

"ಯಾಕೆ ಹೇಳಲಿಲ್ಲ ಅತ್ತಿಗೆ?" ಎಂದಳು ನಾದಿನಿ, ತಲೆಯೆತ್ತದೆ.

ಪಾಲಿಶಕ್ಕ ಬಕೆಟಿನೊಳಗೆ ಇಣುಕಿದಳು. ಮೂರೂ ಗಿಡಗಳನ್ನು ನೋಡಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಏನಂತ ಹೇಳ್ಲಿ? ಮೂರೆಲೆ ಅಂತ ಹೇಳಿ ಹೋದವಳು ನಾನೇ. ಮೊದಲು ಒಂದೇ ಎಲೆ ಬರತ್ತೆ ಅನ್ನೋದು ನನಗೂ ಗೊತ್ತಾಗಿದ್ದು ಮೊಳಕೆ ನೋಡಿದ ಮೇಲೇನೇ, ಬಸ್ಸಿನ ಅವಸರದಲ್ಲಿ ಅದನ್ನ ಹೇಳೋಕೆ ಮರೆತೆ."

"ಬೈದುಬಿಟ್ಟಿದ್ರೆ ಚೆನ್ನಾಗಿತ್ತು. ಹನ್ನೊಂದು ದಿನ. ಅಣ್ಣ ಹೋದಾಗಲೂ ನೀವು ಇಷ್ಟು ದಿನ ಸುಮ್ಮನಿರಲಿಲ್ಲ."

ಪಾಲಿಶಕ್ಕ ಉಗುರಿನ ಕಂದು ಬಣ್ಣ ಕೆರೆದಳು. "ಆಗ ಹೇಳ್ಕೊಳ್ಳೋಕೆ ನೀನಿದ್ದೆ," ಎಂದಳು. "ಈಗ ಕೋಪ ಬಂದಿದ್ದೇ ನಿನ್ನ ಮೇಲೆ. ಯಾರ ಹತ್ರ ಹೇಳ್ಕೊಳ್ಲಿ?"

ನಾದಿನಿಗೆ ಮೊದಲು ನಗು ಬಂತು, ಅದರ ಹಿಂದೆಯೇ ಅಳು ಬಂತು. ಮಣ್ಣಿನ ಕೈಯಲ್ಲೇ ಮುಖ ಒರೆಸಿಕೊಂಡಳು. ಅಂದು ಅಡಿಗೆಗೆ ತಡವಾಯಿತು. ಹನ್ನೊಂದು ದಿನದ ಮಾತು ಬಾಕಿಯಿತ್ತಲ್ಲ.

ಮೇಷ್ಟ್ರ ಮಾತು ಸುಳ್ಳಾಗಲಿಲ್ಲ. ಅದೇ ಮಳೆಗಾಲದ ಕೊನೆಯಲ್ಲಿ ಇನ್ನೊಂದು ಮಳೆ ಬಂದು ಹೋದ ಮೇಲೆ ಬೋಳು ಪಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು ಎಂದು ಆರು ಮೊಳಕೆ ಎದ್ದವು. ಉಪ್ಪುಕಾಗದಕ್ಕೆ ಸರಿಯಾಗಿ ಸಿಗದೆ ಕಲ್ಲಾಗಿ ಉಳಿದಿದ್ದ ಬೀಜಗಳವು. ಬಕೆಟಿನ ಮೂರು ಸೇರಿ ಒಂಬತ್ತು. ನಾದಿನಿ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಲೇ ಒಂಬತ್ತನ್ನೂ ಎಣಿಸಿ ಬರುತ್ತಿದ್ದಳು. ಬಸವನಹುಳುಗಳನ್ನು ಹೆಕ್ಕಿ ಡಬ್ಬಿಗೆ ಹಾಕಿಕೊಂಡು, ಕೊಲ್ಲಲು ಮನಸ್ಸು ಬಾರದೆ, ಬಸ್ಸಿನಲ್ಲಿ ಕರೆದೊಯ್ದು ಎರಡು ಸ್ಟಾಪ್ ಆಚೆಯ ಖಾಲಿ ಜಾಗದಲ್ಲಿ ಬಿಟ್ಟು ಆಫೀಸಿಗೆ ಹೋಗುತ್ತಿದ್ದಳು. ಅವುಗಳಿಗೂ ಟಿಕೆಟ್ ತಗೋತೀಯಾ ಎಂದು ಪಾಲಿಶಕ್ಕ ಕೇಳುತ್ತಿದ್ದಳು.

ಚಳಿಯುದ್ದಕ್ಕೂ ಗಿಡಗಳು ನೆಲ ಬಿಟ್ಟೇಳದೆ ಸುತ್ತಲೂ ಕೈಚಾಚಿದವು. ಬಿಸಿಲು ಏರಿದಾಗ ಒಂದು ಬೆಳಿಗ್ಗೆ ಬಕೆಟಿನ ಅಂಚಿನಿಂದ ಮೊದಲ ಹೂ ಹೊರಗೆ ಬಾಗಿತ್ತು. ವಾರದಲ್ಲಿ ಪಟ್ಟಿಯೂ ಬಣ್ಣಕ್ಕೆ ತಿರುಗಿತು. ನೊಣಕ್ಕಿಂತ ಚಿಕ್ಕ ಜೇನುಗಳು ಎಲ್ಲಿಂದಲೋ ಬಂದು ಹೂವಿನೊಳಗೆ ತಲೆ ತೂರಿಸತೊಡಗಿದವು. ಭಾನುವಾರ ಮೇಷ್ಟ್ರು ಬಂದರು. ಬೂಟು ಬಿಚ್ಚಿ, ಮಂಡಿಯೂರಿ, ಜೇಬಿನಿಂದ ಭೂತಗನ್ನಡಿ ತೆಗೆದು ನೋಡಿದರು. ಚಹಾ ಆರಿತು, ಅವರು ಏಳಲಿಲ್ಲ. ಎದ್ದಾಗ ಅವರು ಹೇಳಿದ್ದಿಷ್ಟು: ಹೊರಗಿನಿಂದ ತಂದು ಹಾಸುಹುಲ್ಲಿನ ಜೊತೆ ಬಿತ್ತುವ ಬಿಳಿ ಹೂವಿನ ಕ್ಲೋವರ್ ಇದಲ್ಲ. ಇಲ್ಲಿಯದೇ ನೆಲದ್ದು. ಅವರ ಗುರುಗಳ ಕಾಲಕ್ಕೆ ಹೊಳೆಯಂಚಿನ ಬಯಲಿಡೀ ಇತ್ತಂತೆ. ತಾವು ಇದನ್ನು ಒಣಗಿದ ಹಾಳೆಯ ಮೇಲೆ ಬಿಟ್ಟರೆ ಜೀವಂತ ನೋಡಿದ್ದು ಇದೇ ಮೊದಲು.

ಕಾಲೇಜಿನ ಇಳಿಜಾರಿನಲ್ಲಿ ಹಾಕಲು ಒಂದು ಹಿಡಿ ಬೀಜ ಕೊಡುತ್ತೀರಾ ಎಂದು ಕೇಳಿದರು. ನಾದಿನಿ ಅಗತ್ಯವಾಗಿ ಎನ್ನಲು ಬಾಯಿ ತೆರೆದಿದ್ದಳು.

"ಈ ವರ್ಷ ಬೇಡ ಸಾರ್," ಎಂದಳು ಪಾಲಿಶಕ್ಕ. "ಇರೋದು ಒಂಬತ್ತು ಗಿಡ. ಇದರ ಬೀಜ ಇಲ್ಲೇ ಬೀಳಲಿ. ಒಂದು ಕೈ ಒಣಗೋ ಮೊದಲು ಇನ್ನೊಂದು ಕೈ ಹಾಕಿದ್ರೆ ಪಾಲಿಶ್ ನಿಲ್ಲಲ್ಲ. ಮುಂದಿನ ವರ್ಷ ಬನ್ನಿ."

ಮೇಷ್ಟ್ರು ಅವಳ ಮುಖವನ್ನೊಮ್ಮೆ ನೋಡಿ, ಸರಿ ಅಮ್ಮ, ನೀವು ಹೇಳಿದ ಹಾಗೆ ಎಂದು ತಣ್ಣಗಾದ ಚಹಾ ಕುಡಿದು ಹೋದರು.

ಬೇಸಿಗೆ ಬಂತು. ಗಿಡಗಳು ಕಂದಾಗಿ, ಒಣಗಿ, ಮುಟ್ಟಿದರೆ ಪುಡಿಯಾಗುವಂತಾದವು. ಅದನ್ನು ನೋಡಿಕೊಂಡು ಸುಮ್ಮನಿರುವುದು ನಾದಿನಿಗೆ ಕಷ್ಟವಾಯಿತು. ಗುಡಿಸಲು ಕೈ ತುರಿಸುತ್ತದೆ ಎಂದು ಅವಳೇ ಒಪ್ಪಿಕೊಂಡು, ಆ ಎರಡು ತಿಂಗಳು ಹಿತ್ತಿಲಿಗೆ ಹೋಗುವಾಗ ಕೈ ಹಿಂದೆ ಕಟ್ಟಿಕೊಂಡೇ ಓಡಾಡಿದಳು. ಮಳೆ ಬಿದ್ದ ಹತ್ತನೆಯ ದಿನ ಎಣಿಸಲು ಹೋದವಳು ನೂರರ ನಂತರ ಲೆಕ್ಕ ತಪ್ಪಿ ವಾಪಸು ಬಂದಳು. ಮತ್ತೆ ಶುರುಮಾಡಿ ಮತ್ತೆ ತಪ್ಪಿದಳು. ಆಮೇಲೆ ಎಣಿಸುವುದನ್ನೇ ಬಿಟ್ಟಳು.

ಆ ವರ್ಷ ಮೇಷ್ಟ್ರಿಗೆ ಒಂದು ಹಿಡಿಯಲ್ಲ, ಒಂದು ಲೋಟ ಬೀಜ ಹೋಯಿತು. ಉಜ್ಜುವುದು ಹೇಗೆಂದು ತೋರಿಸಲು ಪಾಲಿಶಕ್ಕನನ್ನು ಕಾಲೇಜಿಗೆ ಕರೆದರು. ಅಷ್ಟು ದೊಡ್ಡವರ ಎದುರು ತಾನೇನು ಹೇಳುವುದು ಎಂದು ಅವಳು ಬೆವರಿದ್ದು ನಿಜ. ಮೇಜಿನ ಮುಂದೆ ನಿಂತ ಮೇಲೆ ಮಾತ್ರ ಕೈ ತನ್ನ ಕೆಲಸ ತಾನು ಮಾಡಿತು. ಯಾರೋ ಎಷ್ಟು ಒತ್ತಬೇಕು ಎಂದು ಕೇಳಿದ್ದಕ್ಕೆ, ಅವರ ಕೈಯನ್ನೇ ಹಿಡಿದು ಹಾಳೆಯ ಮೇಲಿಟ್ಟು ಒತ್ತಿ ತೋರಿಸಿದಳು. ಆ ಮೇಜಿನ ಪಾಲಿಶ್ ಸರಿಯಿಲ್ಲ ಎಂದೂ ಬರುವಾಗ ಹೇಳಿ ಬಂದಳಂತೆ.

ಈಗ ಅವಳು ವಾರಕ್ಕೆ ಮೂರು ದಿನ ಮಾತ್ರ ಕಾರ್ಖಾನೆಗೆ ಹೋಗುತ್ತಾಳೆ. ಪಾಲಿಶಿನಲ್ಲಿರುವ ಸ್ಪಿರಿಟ್ಟಿನ ವಾಸನೆಗೆ ಎದೆ ಬಿಗಿಯುತ್ತದೆ. ಅತ್ತಿಗೆ ನಾದಿನಿಯರ ಜಗಳ ಹಿತ್ತಿಲು ಬಿಟ್ಟು ಬಟ್ಟೆ ಒಣಗಿಸುವ ತಂತಿಗೆ ವರ್ಗವಾಗಿದೆ.

ಮೊನ್ನೆ ಮಳೆ ನಿಂತ ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಪಕ್ಕದ ಮನೆಯವರು ಕೂಗಿದರು. ಕರೆಂಟಿನ ಮೀಟರ್ ಓದುವ ಕೆಲಸ ಅವರದು, ಮಾತು ಕಡಿಮೆ, ದೂರು ಜಾಸ್ತಿ. ನಿಮ್ಮ ಕಡೆಯಿಂದ ಏನೋ ನಮ್ಮ ಕಡೆ ಬಂದಿದೆ ಎಂದರು. ಪಾಲಿಶಕ್ಕ ಕ್ಷಮಿಸಿ ಎನ್ನಲು ಸಿದ್ಧಳಾಗಿಯೇ ಒಂದು ಸ್ಟೂಲು ಹಾಕಿಕೊಂಡು ಹತ್ತಿ ನೋಡಿದಳು. ಅವರ ನಲ್ಲಿಯ ಪಕ್ಕದಲ್ಲಿ ಐದು ಮೊಳಕೆ. ತುಳಿಯದಿರಲೆಂದು ಸುತ್ತ ನಾಲ್ಕು ಇಟ್ಟಿಗೆ ಇಟ್ಟಿದ್ದರು.

"ದಿನಾ ನೀರು ಹಾಕಬೇಕಾ ಇದಕ್ಕೆ?" ಎಂದು ಅವರು ಕೇಳಿದರು.

"ಏನೂ ಬೇಡ ಅಣ್ಣ. ಮಳೆ ಸಾಕು. ಆಮೇಲೆ ಒಣಗಿ ಹೋಗತ್ತೆ, ಸತ್ತೋಯ್ತು ಅಂದ್ಕೋಬೇಡಿ."

ಅವರು ತಲೆಯಾಡಿಸಿ ನಲ್ಲಿಯ ಪೈಪನ್ನು ಆಚೆ ತಿರುಗಿಸಿದರು. ಒಲೆಯ ಮೇಲೆ ಹಾಲಿತ್ತು. ಅವಳು ಸ್ಟೂಲಿನಿಂದ ಇಳಿದು ಒಳಗೆ ಹೋದಳು.